ಹಿಮದ ಕೋಳಿಗೆ ಹೊಲಿದ ಕರಿ ಕೋಟು

ಫೋನಲ್ಲಿ ಕನ್ನಡ ಟೈಪ್ ಮಾಡೋದು ಈಗಷ್ಟೇ ಕಲಿತಿದೀನಿ. ಕೋಳಿ ಅಂತ ಒತ್ತಿದ್ರೆ ಸಾಕು, ಮುಂದಿಂದು ಅದೇ ಊಹೆ ಮಾಡ್ಕೊಂಡು ಸಾರು ಅಂತ ತೋರಿಸತ್ತೆ. ನಾನು ಹೇಳೋಕೆ ಹೊರಟಿರೋ ಕೋಳಿಗೂ ಸಾರಿಗೂ ಸಂಬಂಧ ಇಲ್ಲ. ಇದು ಹಿಮದಲ್ಲಿ ಓಡಾಡೋ ಕೋಳಿ. ಒಂದನ್ನೂ ಕಣ್ಣಾರೆ ನೋಡಿದವಳಲ್ಲ ನಾನು. ಆದ್ರೆ ಎಂಟು ಹೊಲಿದಿದೀನಿ.

ಎರಡು ಸಾವಿರದ ಐದೋ ಆರೋ ಇಸವಿ. ಸಿಡ್ನಿಯ ಹ್ಯಾರಿಸ್ ಪಾರ್ಕಲ್ಲಿ ಮಿಠಾಯಿ ಅಂಗಡಿ ಮೇಲೆ ನಮ್ಮ ಯೂನಿಟ್, ಫ್ಲಾಟಿಗೆ ಅಲ್ಲಿ ಹಾಗಂತಾರೆ. ಅಲ್ಲಿ ಕೂತು ನಾನು ಪ್ಯಾಂಟು ಗಿಡ್ಡ ಮಾಡ್ತಿದ್ದೆ. ಮ್ಯಾಕ್ವೆರಿ ಪಾರ್ಕ್ ಕಡೆ ಐಟಿ ಆಫೀಸುಗಳಲ್ಲಿ ಕೆಲಸ ಮಾಡೋ ನಮ್ಮ ಹುಡುಗರೆಲ್ಲ ಶನಿವಾರ ಬಂದು ಪ್ಯಾಂಟು ಕೊಟ್ಟು ಹೋಗೋರು. ಅಲ್ಲಿನ ಅಂಗಡಿ ಪ್ಯಾಂಟೆಲ್ಲ ಒಂಟೆ ಅಳತೆಗೆ ಹೊಲಿದಿರ್ತಾರೆ, ನಮ್ಮ ಹುಡುಗರು ಅಷ್ಟುದ್ದ ಎಲ್ಲಿಂದ ತರ್ತಾರೆ ಪಾಪ. ಕತ್ತರಿಸು, ಮಡಚು, ಹೆಮ್ಮಿಂಗ್ ಹಾಕು. ವರ್ಷವಿಡೀ ಮನುಷ್ಯರ ಕಣಕಾಲು ಬಿಟ್ರೆ ನನಗೆ ಬೇರೇನೂ ಕಾಣ್ತಿರ್ಲಿಲ್ಲ. ಹೊಸದಾಗಿ ಏನಾದ್ರೂ ಹೊಲಿಯೋಣ ಅಂತ ಕೈ ತುರಿಸ್ತಿತ್ತು.

ಆಗ ಒಂದು ದಾರಿ ಸಿಕ್ತು. ಹುಬ್ಬಳ್ಳಿ ಹುಡುಗಿ ಒಬ್ಬಳು ಓದೋಕೆ ಅಂತ ಬಂದಾಗ ನಮ್ಮ ಪಕ್ಕದ ಯೂನಿಟ್ಟಲ್ಲಿ ರೂಮ್ ಮಾಡ್ಕೊಂಡಿದ್ಲು. ಅಲ್ಲೇ ನೆಲೆಸೋಕೆ ಪಿಆರ್ ಸಿಕ್ಕಿದ್ಮೇಲೆ ಮೆಲ್ಬರ್ನ್‌ಗೆ ಹೋಗಿ ಗ್ಲೆನ್ ವೇವರ್ಲಿ ಕಡೆ ಒಂದು ವರ್ಕ್‌ಶಾಪ್ ಸೇರಿದ್ಲು. ಸ್ಕೂಲ್ ನಾಟಕಗಳಿಗೆ ವೇಷ ಹೊಲಿದು ಕೊಡೋ ಜಾಗ. ಅಲ್ಲಿನ ಟೈಲರ್ ಕೆಲಸ ಬಿಟ್ಟಾಗ ಇವಳು ಓನರಮ್ಮನ ಹತ್ರ ನನ್ನ ಹೆಸರು ಹೇಳಿದಾಳೆ. ಓನರಮ್ಮ ಅಂದ್ರೆ ಅಲ್ಲಿಯವರೇ, ನನಗಿಂತ ಒಂದಿಷ್ಟು ದೊಡ್ಡೋರು, ಡಾರ್ಲಿಂಗ್ ಅನ್ನೋದನ್ನ ಅರ್ಧ ನುಂಗಿ ಎಲ್ಲರನ್ನೂ ಡಾರ್ಲ್ ಅಂತ ಕರೆಯೋರು. ಅವರು ಹೇಳಿದ್ದಿಷ್ಟು: ಒಂದು ಆರ್ಡರ್ ಕೊಡ್ತೀನಿ, ಅದು ಸರಿಬಂದ್ರೆ ಎಲ್ಲಾ ಸ್ಕೂಲಿಂದೂ ನಿಮಗೇ, ಸಿಡ್ನಿಯಲ್ಲಿ ಕೂತೇ ಹೊಲೀರಿ. ಸರಿಬರ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ.

ಅವರು ಆರ್ಡರ್ ಹೇಳೋಕೆ ಫೋನ್ ಮಾಡಿದ ದಿನ ಹುಬ್ಬಳ್ಳಿ ಹುಡುಗಿ ರಜ. ಅವಳಿದ್ದಿದ್ರೆ ಈ ಕಥೆಯೇ ಇರ್ತಿರ್ಲಿಲ್ಲ. ಓನರಮ್ಮನ ಇಂಗ್ಲಿಷು ಬಾಯಿ ತುಂಬಾ ಎಲೆಅಡಿಕೆ ಹಾಕ್ಕೊಂಡು ಮಾತಾಡಿದ ಹಾಗೆ. ನನ್ನ ಕಿವಿಗೆ ಬಿದ್ದಿದ್ದು ಇಷ್ಟು: ವರ್ಷದ ಕೊನೆಯ ಕಾನ್ಸರ್ಟು, ಹಿಮದ ಹಕ್ಕಿಗಳು ಬೇಕು, ನೆಲದ ಮೇಲೆ ನಡೆಯೋವು, ಹಾರೋವಲ್ಲ. ಎಂಟು. ಏಳೆಂಟು ವರ್ಷದ ಮಕ್ಕಳು, ಅಳತೆ ಸ್ವಲ್ಪ ದೊಗಲೆ ಇರಲಿ. ಕೊನೆಗೆ ಒಂದು ಮಾತು ಒತ್ತಿ ಹೇಳಿದ್ರು, ಗ್ರೌಸ್ ಮಾಡು ಡಾರ್ಲ್, ಗ್ರೌಸ್. ಖಾತ್ರಿ ಮಾಡ್ಕೊಳ್ಳೋಣ ಅಂತ ನಾನೇ ಮತ್ತೆ ಕೇಳ್ದೆ, ಗ್ರೌಸಾ? ಹೌದು ಹೌದು, ಗ್ರೌಸ್ ಅಂತ ಖುಷಿಯಾಗಿ ಫೋನ್ ಇಟ್ರು.

ನಮ್ಮನೆಯವರು ಡಿಕ್ಷನರಿ ತೆಗೆದ್ರು. ಗ್ರೌಸ್, ಕಾಡುಕೋಳಿ ಜಾತಿಯ ಹಕ್ಕಿ, ತಣ್ಣನೆ ದೇಶದ್ದು, ನೆಲದ ಮೇಲೇ ಇರತ್ತೆ. "ಇನ್ನೊಂದು ಅರ್ಥ ಗೊಣಗು ಅಂತಿದೆ ಕಣೇ. ನಿನಗೇ ಹುಡುಕಿ ಕೊಟ್ಟಿದಾರೆ ಆರ್ಡರ್ನ" ಅಂದ್ರು. ಅವತ್ತು ಅವರಿಗೆ ಎರಡನೇ ಸಲ ಕಾಫಿ ಸಿಗಲಿಲ್ಲ.

ಪ್ಯಾರಾಮ್ಯಾಟಾ ಲೈಬ್ರರಿಯಲ್ಲಿ ದಪ್ಪದೊಂದು ಹಕ್ಕಿ ಪುಸ್ತಕ ತೆಗೆಸಿ ಕೂತೆ. ಗ್ರೌಸಲ್ಲಿ ಹತ್ತಾರು ಥರ. ಹಿಮದಲ್ಲಿರೋದು ಯಾವುದು ಅಂತ ಹುಡುಕಿದ್ರೆ ಒಂದು ಸಿಕ್ತು, ಟಾರ್ಮಿಗನ್ ಅಂತ. ಹೆಸರಿನ ಮುಂದೆ ಒಂದು ಪಿ ಅಕ್ಷರ ಇದೆ. ಅದನ್ನ ಯಾರೂ ಕೂಗಲ್ಲ, ಕರೀದೆ ಬಂದ ನೆಂಟರ ಥರ ಬಾಗಿಲಲ್ಲಿ ನಿಂತಿರತ್ತೆ. ಬೇಸಿಗೆಯಲ್ಲಿ ಆ ಹಕ್ಕಿ ಕಲ್ಲಿನ ಬಣ್ಣ, ಚುಕ್ಕೆ ಚುಕ್ಕೆ. ಚಳಿ ಶುರುವಾದ್ರೆ ಪುಕ್ಕ ಉದುರಿ ಬೆಳ್ಳಗೆ ಬರತ್ತೆ, ಬಾಲದ ಅಂಚೊಂದು ಕಪ್ಪು. ಗಂಡಿಗೆ ಕಣ್ಣಿನ ಮೇಲೆ ಕೆಂಪು ಹುಬ್ಬು. ಹಿಮದಲ್ಲೇ ಗೂಡು ತೋಡಿಕೊಂಡು ಬೆಚ್ಚಗೆ ಮಲಗತ್ತಂತೆ. ನನಗೆ ತುಂಬಾ ಇಷ್ಟ ಆಗಿದ್ದು ಅದರ ಕಾಲು. ಬೆರಳಿನ ತುದಿವರೆಗೂ ಪುಕ್ಕ, ಅಡಿಗೂ ಪುಕ್ಕ. ಹಿಮದಲ್ಲಿ ಹೂತು ಹೋಗಬಾರದು ಅಂತ. ದೇವರು ಕೂತು ಸಾಕ್ಸ್ ಹೆಣೆದು ಹಾಕಿದ ಹಾಗಿದೆ.

ಹೊಲಿಯೋಕೆ ಶುರು ಮಾಡ್ದೆ. ಒಳಗೆ ಬಿಳಿ ಪಾಪ್ಲಿನ್ನಿನ ಮಂಡಿವರೆಗಿನ ಅಂಗಿ. ಅದರ ಮೇಲೆ ಪುಕ್ಕ. ಅಂಗಡಿಯಲ್ಲಿ ಚೀಲದಲ್ಲಿ ನಿಜವಾದ ಪುಕ್ಕ ಸಿಗತ್ತೆ. ಒಂದು ಚೀಲ ತಂದು ಬಿಚ್ಚಿದ್ದೇ ತಡ ನಮ್ಮನೆಯವರಿಗೆ ಸೀನು ನಿಲ್ಲಲೇ ಇಲ್ಲ. ಮಕ್ಕಳಿಗೆ ಬೇಡ ಅಂತ ಅದನ್ನ ಕಟ್ಟಿಟ್ಟು, ಹೊಳಪಿರೋ ಬಿಳಿ ಲೈನಿಂಗ್ ಬಟ್ಟೆಯಲ್ಲಿ ವೀಳ್ಯದೆಲೆ ಆಕಾರಕ್ಕೆ ಕತ್ತರಿಸ್ತಾ ಹೋದೆ. ಕೆಳಗಿಂದ ಮೇಲಕ್ಕೆ ಸಾಲುಸಾಲಾಗಿ, ಮನೆಗೆ ಹೆಂಚು ಹೊದಿಸಿದ ಹಾಗೆ, ಮೇಲಿನ ಸಾಲು ಕೆಳಗಿನ ಸಾಲಿನ ಹೊಲಿಗೆ ಮುಚ್ಚಬೇಕು.

ಒಂದು ಹಕ್ಕಿ ಮುಗಿಯೋ ಹೊತ್ತಿಗೆ ಎಲೆಗಳ ಅಂಚೆಲ್ಲ ನೂಲು ಬಿಟ್ಟು ಮುದಿ ಹುಂಜದ ಥರ ಆಯ್ತು. ಅಷ್ಟು ಸಣ್ಣ ತುಂಡುಗಳಿಗೆ ಓವರ್‌ಲಾಕ್ ಹೊಡೆದ್ರೆ ಅಂಚು ದಪ್ಪ ಆಗಿ ಎದ್ದು ನಿಲ್ಲತ್ತೆ. ನಮ್ಮ ಕಡೆ ಜಡೆ ಟೇಪಿನ ತುದಿಗೆ ಮಾಡೋ ಉಪಾಯ ನೆನಪಾಯ್ತು. ಊದುಬತ್ತಿ ಹಚ್ಚಿ ಅದರ ಕೆಂಡ ಅಂಚಿಗೆ ತಾಗಿಸಿದ್ರೆ ನೈಲಾನ್ ಬಟ್ಟೆ ಕರಗಿ ಗಟ್ಟಿಯಾಗತ್ತೆ. ಚೆನ್ನಾಗೇ ಬಂತು. ಆದ್ರೆ ಒಂದು ಕಟ್ಟು ಊದುಬತ್ತಿ ಆಗೋಷ್ಟರಲ್ಲಿ ಯೂನಿಟ್ಟಿನ ಸ್ಮೋಕ್ ಅಲಾರಂ ಕಿರುಚೋಕೆ ಶುರು. ನಮ್ಮನೆಯವರು ಸ್ಟೂಲ್ ಹತ್ತಿ ಟವೆಲ್ ಬೀಸ್ತಾ ಇದ್ರು, ಕೆಳಗಿಂದ ಮಿಠಾಯಿ ಅಂಗಡಿಯಾತ ಓಡಿ ಬಂದು, ಏನು ಪೂಜೆ ಆಂಟಿಜೀ ಅಂತ ಹಿಂದಿಯಲ್ಲಿ ಕೇಳ್ದ. ಕೋಳಿ ಪೂಜೆ ಅಂದೆ. ಪ್ರಸಾದ ಏನು ಅಂತ ಕೇಳದೆ ಇಳಿದು ಹೋದ. ಆಮೇಲಿಂದ ಬಾಲ್ಕನಿಯಲ್ಲಿ ಕೂತು ಸುಟ್ಟೆ. ಎಂಟೂ ಹಕ್ಕಿಗೆ ಗಂಧದ ವಾಸನೆ ಹತ್ತಿಕೊಂಡಿತ್ತು.

ಬೆಚ್ಚಗಿರೋ ಹಕ್ಕಿ ಅಂತ ಒಳಗೆ ತೆಳ್ಳಗೆ ಹತ್ತಿ ಹಾಕಿದ್ದೆ. ಮಿಠಾಯಿ ಅಂಗಡಿಯವನ ಮಗಳಿಗೆ ತೊಡಿಸಿ ನೋಡಿದ್ರೆ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ನೀರು ಕೇಳ್ತು ಮಗು. ಡಿಸೆಂಬರ್ ಅಂದ್ರೆ ಅಲ್ಲಿ ಸುಡೋ ಬೇಸಿಗೆ, ನಾಟಕದಲ್ಲಿ ಮಾತ್ರ ಹಿಮ. ಹತ್ತಿಯೆಲ್ಲ ಬಿಚ್ಚಿ ಕಂಕುಳಿಗೆ ಬಲೆ ಬಟ್ಟೆ ಹಾಕ್ದೆ. ತೋಳಿಗೂ ಪುಕ್ಕ ಹೊದಿಸಿ ರೆಕ್ಕೆ, ತಲೆಗೆ ಬಿಳಿ ಟೋಪಿ, ಅದಕ್ಕೆ ಕೆಂಪು ಹುಬ್ಬು, ಬೇರೆಯಾಗಿ ಕಟ್ಟಿಕೊಳ್ಳೋ ಗಿಡ್ಡ ಕೊಕ್ಕು. ಕಾಲಿಗೆ ಜೂಲು ಬಟ್ಟೆಯ ಕವಚ, ಶೂ ಮೇಲೆ ಎಲಾಸ್ಟಿಕ್ಕಲ್ಲಿ ಕೂರೋ ಹಾಗೆ. ಅದು ನೆಲದ ಮೇಲೆ ಸರ್ರಂತ ಜಾರ್ತಿತ್ತು. ಬಚ್ಚಲಲ್ಲಿ ಹಾಸೋ ರಬ್ಬರ್ ಮ್ಯಾಟ್ ಕತ್ತರಿಸಿ ಅಡಿಗೆ ಹೊಲಿದೆ. ಎರಡು ಸೂಜಿ ಮುರೀತು. ಇಡೀ ವೇಷದಲ್ಲಿ ನನ್ನನ್ನ ಹೆಚ್ಚು ಸತಾಯಿಸಿದ್ದು ಆ ಕಾಲೇ.

ನಡುವೆ ಒಂದ್ಸಲ ಓನರಮ್ಮ ಫೋನ್ ಮಾಡಿ ಹೇಗೆ ಬರ್ತಿದೆ ಅಂತ ಕೇಳಿದ್ರು. ಪೂರ್ತಿ ಗ್ರೌಸ್ ಅಂದೆ. ಅವರಿಗೆ ಭಾರಿ ಸಂತೋಷ ಆಯ್ತು.

ಹಕ್ಕಿಗಳನ್ನ ಪಾರ್ಸೆಲ್ ಮಾಡೋಕೆ ಮನಸ್ಸು ಬರ್ಲಿಲ್ಲ, ಪುಕ್ಕ ಮುದುಡತ್ತೆ. ಎರಡು ದೊಡ್ಡ ಚೀಲದಲ್ಲಿ ಮಡಚಿಕೊಂಡು, ಕೊಕ್ಕುಗಳನ್ನೆಲ್ಲ ಕೋಡುಬಳೆ ಡಬ್ಬಿಗೆ ತುಂಬಿ, ಹಗಲು ರೈಲಲ್ಲಿ ಮೆಲ್ಬರ್ನ್‌ಗೆ ಹೋದೆ. ಗ್ಲೆನ್ ವೇವರ್ಲಿಯಲ್ಲಿ ಹುಬ್ಬಳ್ಳಿ ಹುಡುಗಿ ಮನೆ. ಅವಳಿಗೆ ತೋರ್ಸೋಣ ಅಂದ್ಕೊಂಡವಳು, ಓನರಮ್ಮನ ಮುಂದೇ ಬಿಚ್ಚೋಣ, ಇಬ್ಬರೂ ಒಟ್ಟಿಗೆ ಬೆರಗಾಗ್ಲಿ ಅಂತ ಸುಮ್ನಾದೆ. ಒಟ್ಟಿಗೇ ಬೆರಗಾದ್ರು.

ಬೆಳಿಗ್ಗೆ ವರ್ಕ್‌ಶಾಪಲ್ಲಿ ಮೇಜಿನ ಮೇಲೆ ಒಂದು ಹಕ್ಕಿ ಹರವಿದೆ. ಓನರಮ್ಮ ಪುಕ್ಕ ಸವರಿದ್ರು, ತಿರುವಿ ಹೊಲಿಗೆ ನೋಡಿದ್ರು, ಹಿಂದೆ ಸರಿದು ನಿಂತು ತಲೆ ವಾಲಿಸಿದ್ರು.

"ಏನಿದು?"

"ಗ್ರೌಸ್."

"ಗ್ರೌಸಾಗೇನೋ ಇದೆ ಡಾರ್ಲ್. ಆದ್ರೆ ಏನಿದು?"

"ಗ್ರೌಸೇ."

"ನಾನೂ ಅದನ್ನೇ ಅಂದೆ. ಯಾವ ಹಕ್ಕಿ ಅಂತ ಕೇಳ್ತಿದೀನಿ."

"ನಾನೂ ಅದನ್ನೇ ಹೇಳ್ತಿದೀನಿ. ಗ್ರೌಸ್."

ಹುಬ್ಬಳ್ಳಿ ಹುಡುಗಿ ನಿಂತಲ್ಲೇ ಹಣೆ ಹಿಡ್ಕೊಂಡ್ಲು. "ಆಂಟಿ, ಇಲ್ಲೆ ಗ್ರೌಸ್ ಅಂದ್ರ ಮಸ್ತ್ ಅಂತರೀ. ಮಸ್ತ್ ಮಾಡ್ರಿ ಅಂತ ಹೇಳ್ಯಾರ ಅವರು."

"ಹಾಗಾದ್ರೆ ಹಕ್ಕಿ ಯಾವ್ದೇ?"

"ಪೆಂಗ್ವಿನ್ ರೀ."

ಆಮೇಲೆ ಯೋಚನೆ ಮಾಡಿದ್ರೆ ಓನರಮ್ಮಂದೂ ತಪ್ಪಿಲ್ಲ. ಆ ಊರಲ್ಲಿ ಹಿಮದಲ್ಲಿ ನಡೆಯೋ ಹಕ್ಕಿ ಅಂದ್ರೆ ಹೆಸರು ಹೇಳೋದೇ ಬೇಡ, ಚಿಕ್ಕ ಮಗುವಿಗೂ ಪೆಂಗ್ವಿನ್ನೇ. ನಾನು ಹೋಗಿ ಭೂಮಿಯ ಇನ್ನೊಂದು ತುದಿಯ ಕೋಳಿ ಹಿಡ್ಕೊಂಡು ಬಂದಿದ್ದೆ. ಆದ್ರೆ ಆ ಕ್ಷಣಕ್ಕೆ ನನಗೆ ಕಂಡಿದ್ದು ಪ್ಯಾಂಟುಗಳು. ಸಾಲಾಗಿ, ಉದ್ದುದ್ದ.

ಓನರಮ್ಮ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಕುರ್ಚಿ ಎಳೆದು ಕೂತ್ರು, ಹಕ್ಕಿಯನ್ನೇ ನೋಡ್ತಾ ಇದ್ರು. ಮಾರನೇ ದಿನ ಬೆಳಿಗ್ಗೆ ರಿಹರ್ಸಲ್, ಸಂಜೆ ಕಾನ್ಸರ್ಟು. ಪೆಂಗ್ವಿನ್ ಹಾಡೇ ಮುಖ್ಯ ಹಾಡಂತೆ. ಆಮೇಲೆ ಎದ್ದು ದೊಡ್ಡ ಕತ್ತರಿ ತಗೊಂಡ್ರು. ಬೆನ್ನಿನ ಪುಕ್ಕ ಕಿತ್ತು ಹಾಕಿ, ಅಂಗಿಗೆ ಕಪ್ಪು ಬಣ್ಣ ಸ್ಪ್ರೇ ಹೊಡೆಯೋಣ ಅಂದ್ರು.

ಅವರು ಓನರ್ರು, ನಾನು ಪರೀಕ್ಷೆಗೆ ಬಂದವಳು. ಹೂಂ ಅಂದು ಸುಮ್ನೆ ಕೂತಿದ್ರೆ ಹೇಳಿದ ಮಾತು ಕೇಳ್ತಾಳೆ ಅಂತಾದ್ರೂ ಕೆಲಸ ಕೊಡ್ತಿದ್ರೇನೋ. ಆದ್ರೆ ಪಾಪ್ಲಿನ್ ಮೇಲೆ ಸ್ಪ್ರೇ ಹೊಡೆದ್ರೆ ಬಟ್ಟೆ ರಟ್ಟಿನ ಥರ ಆಗತ್ತೆ, ಆ ಸೆಕೆಗೆ ಮಗು ಬೆವರಿದ್ರೆ ಕಪ್ಪೆಲ್ಲ ಕತ್ತಿಗೆ ಇಳಿಯತ್ತೆ. ನಾನು ಹಕ್ಕಿ ಬೆನ್ನಿನ ಮೇಲೆ ಅಂಗೈ ಇಟ್ಟೆ. ಕತ್ತರಿ ನಿಂತ್ಕೊಳ್ತು.

ಹುಡುಗಿಗೆ ಹೇಳ್ದೆ, "ಅವರಿಗೆ ಹೇಳು, ಪೆಂಗ್ವಿನ್ ಅಂದ್ರೆ ಬಿಳಿ ಹಕ್ಕಿ ಕರಿ ಕೋಟು ಹಾಕ್ಕೊಂಡಿರೋದು. ಹಕ್ಕಿ ಇದೆ. ಕೋಟು ಹೊಲಿಯೋಣ. ಊಟದ ಹೊತ್ತಿಗೆ ಒಂದು ತೋರಿಸ್ತೀನಿ, ಇಷ್ಟ ಆಗ್ಲಿಲ್ಲ ಅಂದ್ರೆ ನಾನೇ ಕೊಯ್ದು ಕೊಡ್ತೀನಿ."

ಅವಳು ಹೇಳಿದ್ಲು. ಸ್ವಲ್ಪ ಮೆತ್ತಗೆ ಮಾಡಿಯೇ ಹೇಳಿರಬೇಕು. ಓನರಮ್ಮ ಕತ್ತರಿಯನ್ನ ತಿರುಗಿಸಿ, ಹಿಡಿ ನನ್ನ ಕಡೆ ಮಾಡಿ ಕೊಟ್ರು.

ಸ್ಟೇಜಿನ ಪರದೆಗೆ ಇಟ್ಟಿದ್ದ ಕಪ್ಪು ಬಟ್ಟೆಯ ಸುರುಳಿ ಇತ್ತು. ಮಾದರಿ ಬರೆಯೋಕೆ ಹೊತ್ತಿಲ್ಲ. ಕಣ್ಣು ಮುಚ್ಚಿದ್ರೂ ಕತ್ತರಿಸಬಲ್ಲೆ ಅನ್ನೋದು ನನಗೆ ಒಂದೇ, ಸೀರೆ ಬ್ಲೌಸಿನ ಬೆನ್ನು. ಅದನ್ನೇ ಡಾಟ್ಸ್ ಇಲ್ಲದೆ, ಕೆಳಕ್ಕೆ ಹಿಮ್ಮಡಿವರೆಗೆ ಇಳಿಸಿ, ತುದಿ ಗುಂಡಗೆ ಮಾಡ್ದೆ. ತೋಳಿಗೆ ಒಳಗೆ ಗಟ್ಟಿ ಬಕ್ರಂ ಕೊಟ್ಟು ಚಪ್ಪಟೆ ರೆಕ್ಕೆ. ಕತ್ತಿನ ಹತ್ರ ಬ್ಲೌಸಿಗೆ ಹಾಕೋ ಹಾಗೇ ಲಾಡಿ, ಇಲ್ಲಿ ಮುಂದಕ್ಕೆ ಕಟ್ಟೋದು. ಕೆಂಪು ಹುಬ್ಬಿನ ಮೇಲೆ ಕಪ್ಪು ಪಟ್ಟಿ. ಕೊಕ್ಕು ಗಿಡ್ಡ ಇತ್ತು, ಹುಡುಗಿ ಕಿತ್ತಳೆ ಬಣ್ಣದ ಫೆಲ್ಟ್ ಕತ್ತರಿಸಿ ಉದ್ದ ಮಾಡಿದ್ಲು. ಊಟದ ಹೊತ್ತಿಗೆ ಒಂದು ಪೆಂಗ್ವಿನ್ ಎದ್ದು ನಿಂತಿತ್ತು. ಓನರಮ್ಮ ಅದನ್ನ ಸುತ್ತು ಹಾಕಿ ನೋಡಿ, ಹೋಗಿ ಇನ್ನೊಂದು ಮಷೀನಿಗೆ ಕರಿ ದಾರ ಹಾಕಿ ಕೂತ್ರು.

ಮೂರು ಜನ ಸೇರಿ ಸಂಜೆಯೊಳಗೆ ಎಂಟೂ ಕೋಟು ಮುಗಿಸಿದ್ವಿ. ಒಂದೇ ತೊಂದರೆ, ಹೊಳಪಿನ ಪುಕ್ಕದ ಮೇಲೆ ಕೋಟು ನಿಲ್ಲದೆ ಭುಜದಿಂದ ಜಾರ್ತಿತ್ತು. ಭುಜಕ್ಕೆ ಪ್ರೆಸ್ ಬಟನ್ ಹಾಕಿದ್ವಿ. ಏಳು ಕೋಟಿಗೆ ಬಟನ್ ಸಾಕಾಯ್ತು, ಕೊನೆಯದಕ್ಕೆ ಇರ್ಲಿಲ್ಲ. ಅಂಗಡಿ ಮುಚ್ಚಿತ್ತು. ಲಾಡಿ ಬಿಗಿಯಾಗಿ ಕಟ್ಟಿದ್ರೆ ಆಯ್ತು ಅಂದೆ ನಾನು.

ರಿಹರ್ಸಲ್ಲಲ್ಲಿ ಟೀಚರ್ ಎಲ್ಲಾ ಒಪ್ಪಿದ್ರು, ಕಾಲೊಂದು ಬಿಟ್ಟು. ಪೆಂಗ್ವಿನ್ನಿಗೆ ಜೂಲು ಕಾಲು ಎಲ್ಲಿಂದ ಬಂತು ಅಂತ ಕೇಳಿದ್ರು, ನ್ಯಾಯವೇ. ಬಿಚ್ಚಿಸೋಕೆ ಹೋದ್ರೆ ಎಂಟು ಮಕ್ಕಳೂ ನೆಲಕ್ಕೆ ಕೂತು ಕಾಲು ಬಿಗಿಯಾಗಿ ಹಿಡ್ಕೊಂಡ್ವು. ಟೀಚರ್ ಕೈ ಬಿಟ್ರು. ಇದು ಏನು ಕಾಲು ಅಂತ ಒಂದು ಪುಟ್ಟ ಹುಡುಗಿ ನನ್ನನ್ನೇ ಕೇಳ್ತು, ಎಲ್ಲರಿಗಿಂತ ಗಿಡ್ಡಕ್ಕಿದ್ದಿದ್ದು, ಬಟನ್ ಇಲ್ಲದ ಕೋಟು ಅದರದ್ದೇ. ಲಾಡಿ ಕಟ್ತಾ ಕಟ್ತಾ ನನ್ನ ಮುರುಕು ಇಂಗ್ಲಿಷಲ್ಲಿ ಹೇಳ್ದೆ. ಒಳಗಡೆ ನೀನು ಬೇರೆ ಹಕ್ಕಿ, ಯಾರಿಗೂ ಹೇಳ್ಬೇಡ. ಆ ಹಕ್ಕಿ ಹದ್ದು ಬಂದ್ರೆ ಹಾರಲ್ಲ, ಹಿಮದಲ್ಲಿ ಅಲ್ಲಾಡದೆ ಕೂತ್ಬಿಡತ್ತೆ, ಹದ್ದಿಗೆ ಕಾಣಿಸೋದೇ ಇಲ್ಲ. ಮಗು ಗಂಭೀರವಾಗಿ ತಲೆ ಆಡಿಸ್ತು.

ಸಂಜೆ ಹಾಲ್ ತುಂಬಾ ಜನ, ಫ್ಯಾನು ತಿರುಗ್ತಾ ಇದ್ರೂ ಬೆವರು. ಓನರಮ್ಮನ ಪಕ್ಕ ನಾನು, ನನ್ನ ಪಕ್ಕ ಹುಬ್ಬಳ್ಳಿ ಹುಡುಗಿ. ಸ್ಟೇಜ್ ಮೇಲೆ ಬಿಳಿ ಬೆಡ್‌ಶೀಟು, ಹತ್ತಿಗುಡ್ಡೆ, ಅದೇ ಹಿಮ. ಎಂಟು ಪೆಂಗ್ವಿನ್ ಒಂದರ ಹಿಂದೆ ಒಂದು ವಾಲಾಡ್ಕೊಂಡು ಬಂದ್ವು. ಜನ ಆಗಲೇ ನಗೋಕೆ ಶುರು. ನಾನು ಗೆದ್ದೆ ಅಂದ್ಕೊಳ್ಳೋಷ್ಟರಲ್ಲಿ ಹಿಂದಿನ ಪೆಂಗ್ವಿನ್ ಮುಂದಿನ ಪೆಂಗ್ವಿನ್ನಿನ ಕೋಟು ತುಳೀತು. ಲಾಡಿ ಬಿಚ್ಚಿಕೊಂಡು ಕೋಟು ಪೂರ್ತಿ ಕೆಳಗೆ. ಅದೇ ಪುಟ್ಟ ಹುಡುಗಿ. ಹುಬ್ಬಿನ ಕಪ್ಪು ಪಟ್ಟಿಯೂ ಜಾರಿ, ಕರಿ ಹಕ್ಕಿಗಳ ಮಧ್ಯೆ ಒಂದು ಬಿಳಿ ಕೋಳಿ ಕೆಂಪು ಹುಬ್ಬು ಏರಿಸ್ಕೊಂಡು ನಿಂತುಬಿಡ್ತು.

ಓನರಮ್ಮ ನನ್ನ ಮಣಿಕಟ್ಟು ಹಿಡ್ಕೊಂಡ್ರು. ಹುಬ್ಬಳ್ಳಿ ಹುಡುಗಿ, "ಮುಗೀತ್ರೀ ಆಂಟಿ" ಅಂದ್ಲು.

ಮಗುವಿನ ತುಟಿ ಅದುರಿದ್ದು ನನಗೆ ಕಾಣಿಸ್ತು. ಅತ್ತುಬಿಡತ್ತೆ, ಓಡಿ ಹೋಗತ್ತೆ ಅಂದ್ಕೊಂಡೆ. ಅದು ಹಾಗೇ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ, ಹತ್ತಿಗುಡ್ಡೆಯ ಬುಡದಲ್ಲಿ ಮುದುಡಿ, ಮುಖ ರೆಕ್ಕೆಯೊಳಗೆ ಹುದುಗಿಸಿ ಕೂತ್ಕೊಳ್ತು. ಅಲ್ಲಾಡ್ಲಿಲ್ಲ. ಬಿಳಿ ಬೆಡ್‌ಶೀಟು, ಬಿಳಿ ಹತ್ತಿ, ಬಿಳಿ ಪುಕ್ಕ. ಎಲ್ಲಿದೆ ಅಂತ ಗೊತ್ತಿದ್ದ ನನಗೇ ಒಂದ್ಸಲ ಕಣ್ಣು ತಪ್ಪಿದ್ರೆ ಮತ್ತೆ ಹುಡುಕಬೇಕಾಗ್ತಿತ್ತು. ನಮ್ಮ ಮುಂದಿನ ಸಾಲಲ್ಲಿ ವಿಡಿಯೋ ಮಾಡ್ತಿದ್ದ ಒಬ್ಬ ಅಪ್ಪ ಕ್ಯಾಮೆರಾ ಇಳಿಸಿ, ನನ್ನ ಮಗಳೆಲ್ಲಿ ಅಂತ ಹೆಂಡತೀನ ಕೇಳ್ತಿದ್ದ. ಏಳು ಪೆಂಗ್ವಿನ್ ಹಾಡು ಮುಗಿಸಿ, ಹೊಟ್ಟೆ ಮೇಲೆ ಜಾರಿ, ಸಾಲಾಗಿ ನಿಂತು ನಮಸ್ಕಾರ ಮಾಡಿದ್ವು. ಆಗ ಹಿಮವೇ ಎದ್ದು ನಿಂತ ಹಾಗೆ ಅದೂ ಎದ್ದು, ಪುಕ್ಕ ಕೊಡವಿ, ಎಲ್ಲರಿಗಿಂತ ಬಗ್ಗಿ ನಮಸ್ಕಾರ ಮಾಡ್ತು.

ಹಾಲಿಗೆ ಹಾಲೇ ಎದ್ದು ಚಪ್ಪಾಳೆ ಹೊಡೀತು. ಓನರಮ್ಮ ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಿದ್ರು, ನನ್ನ ಮಣಿಕಟ್ಟು ಬಿಡದೇನೇ. ನಾನು ಇನ್ನೊಂದು ಕೈಯಲ್ಲಿ ತೊಡೆ ತಟ್ಟಿದೆ. ಟೀಚರ್ ಬಂದು, ಅದು ಮೊದಲೇ ಯೋಚಿಸಿ ಮಾಡಿದ್ದಾ ಅಂತ ಕೇಳಿದ್ರು. ಓನರಮ್ಮ ನನ್ನ ಮುಖ ನೋಡಿದ್ರು, ನಾನು ಹುಬ್ಬಳ್ಳಿ ಹುಡುಗಿ ಮುಖ ನೋಡ್ದೆ. "ಹೌದ್ರೀ, ಪೂರಾ ಪ್ಲಾನ್" ಅಂತ ಅವಳು ಕನ್ನಡದಲ್ಲೇ ಹೇಳಿಬಿಟ್ಲು. ಟೀಚರಿಗೆ ಏನು ಅರ್ಥ ಆಯ್ತೋ, ತೃಪ್ತಿಯಿಂದ ಹೋದ್ರು.

ಹೊರಗೆ ಕಾರ್ ಪಾರ್ಕಲ್ಲಿ ಇನ್ನೂ ಬೆಳಕಿತ್ತು. ಓನರಮ್ಮ ಕಾರಿನ ಬಾನೆಟ್ ಮೇಲೆ ಕಾನ್ಸರ್ಟಿನ ಹಾಳೆ ಇಟ್ಟು, ಅದರ ಹಿಂದೆ ಏನೋ ಗೀಚೋಕೆ ಶುರು ಮಾಡಿದ್ರು. ಬದನೆಕಾಯಿಗೆ ಬಾಲ ಬಂದ ಹಾಗಿತ್ತು. ಬದನೆಕಾಯಾ ಅಂತ ಕೇಳ್ದೆ. ಅಲ್ಲ ಅಂತ ಪಕ್ಕದಲ್ಲಿ ಇನ್ನೊಂದು ಗೀಚಿದ್ರು, ಈ ಸಲ ಕಿವಿ ಬಂತು, ಹೊಟ್ಟೆಗೊಂದು ಚೀಲ ಬಂತು. ಕಾಂಗರೂ ಅಂದೆ. ತಲೆ ಆಡಿಸಿ, ಕೆಳಗೆ ಹನ್ನೆರಡು ಅಂತ ಬರೆದು, ಹಾಳೆ ಮಡಚಿ ನನ್ನ ಕೈಗಿಟ್ರು. ಮಾತಲ್ಲಿ ಏನನ್ನೂ ಹೇಳ್ಲಿಲ್ಲ. ಹೇಳದೆ ಇದ್ದಿದ್ದೇ ಒಳ್ಳೇದಾಯ್ತು, ಸರಿಯಾಗಿ ಅರ್ಥ ಆಯ್ತು.

ಹುಬ್ಬಳ್ಳಿ ಹುಡುಗಿಯ ಫೋನಿಂದ ಮನೆಗೆ ಫೋನ್ ಮಾಡ್ದೆ. ನಮ್ಮನೆಯವರು ಮೊದಲ ರಿಂಗಿಗೇ ಎತ್ತಿದ್ರು.

"ಶನಿವಾರ ಬರೋ ಹುಡುಗರಿಗೆ ಬೇರೆ ಟೈಲರ್ ನೋಡ್ಕೊಳ್ಳೋಕೆ ಹೇಳಿಬಿಡ್ರೀ" ಅಂದೆ.

ಅವರು ಮೆಲ್ಲಗೆ ಕೇಳಿದ್ರು, "ನನ್ನ ಪ್ಯಾಂಟು?"

"ನಿಮ್ದು ಹೊಲಿದಾಗಿದೆ. ಬೀರುವಲ್ಲಿದೆ, ಹುಡುಕ್ಕೊಳ್ಳಿ."